ಹರಳಿನ ಕದ, ಹರಳಿನ ಹಾಸಿಗೆ

ಕೆಂಪು ಗರಸಿನ ದಿಬ್ಬ. ಅದರ ಮಗ್ಗುಲಲ್ಲೊಂದು ಬಿಲ. ಬಿಲದ ಬಾಯಿಗೆ ಸಣ್ಣ ಸಣ್ಣ ಹರಳು ಒತ್ತೊತ್ತಾಗಿ ತುಂಬಿವೆ. ಮಳೆನೀರು ಉರುಳಿಸಿ ತಂದವಲ್ಲ, ಕುರಿ ಕಾಯುವ ಹುಡುಗರು ಆಟಕ್ಕೆ ತುರುಕಿದವೂ ಅಲ್ಲ. ಅದು ಕದ! ಮನೆಯ ಯಜಮಾನ ಒಳಗಿದ್ದಾನೆ, ಕದ ಹಾಕಿಕೊಂಡು ಮಲಗಿದ್ದಾನೆ. ಅವನ ತೂಕವೋ, 20 ಗ್ರಾಂ ಆಚೀಚೆ. ಹತ್ತು ರೂಪಾಯಿಯ ಮೂರು ನಾಣ್ಯ ಅಂಗೈಯಲ್ಲಿಟ್ಟು ನೋಡಿ, ಅದಕ್ಕಿಂತಲೂ ಹಗುರ!

ಇದು ಕಲ್ಲಿಲಿ. ವಿಜ್ಞಾನದ ಪುಸ್ತಕದಲ್ಲಿ ಮಸ್ ಪ್ಲಾಟಿಥ್ರಿಕ್ಸ್. ಮೂತಿಯಿಂದ ಬಾಲದ ಬುಡದವರೆಗೆ ಸುಮಾರು 10 ಸೆಂ.ಮೀ., ಬಾಲ ಅದಕ್ಕಿಂತ ಗಿಡ್ಡ, ಬೆನ್ನ ಮೇಲೆ ಚಪ್ಪಟೆ ಮುಳ್ಳಿನಂಥ ಬಿರುಸು ಕೂದಲು. ದಕ್ಷಿಣ ಭಾರತದ ಒಣ ಸೀಮೆಯ ಜೀವ. ಗದಗ ಸೀಮೆಯ ಮುಂಡರಗಿ, ಶಿರಹಟ್ಟಿಯ ಮಗ್ಗುಲಿಗೆ ಕಪ್ಪತಗುಡ್ಡ ಚೆಲ್ಲಿರುವ ಮಸಾರಿ ಇದಕ್ಕೆ ಹೇಳಿ ಮಾಡಿಸಿದ ನೆಲ.

ಇದರ ಮನೆಯೊಳಕ್ಕೆ ಇಣುಕಿ, ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಾಲ್ಟರ್ ಎಲಿಯಟ್. ಗದಗ ಧಾರವಾಡ ಕಲೆಕ್ಟರಿಗೆ ಸೇರಿದ್ದ ಕಾಲ ಅದು, ಈ ಸೀಮೆಗೆ ಕಂಪನಿಯವರು ಇಟ್ಟ ಹೆಸರು ದಕ್ಷಿಣ ಮರಾಠಾ ದೇಶ. ಎಲಿಯಟ್ ಒಂದು ಬಿಲ ಅಗೆಸಿದ. ಅಗಲವಾದ ಬಾಯಿ, ಬಾಯಿ ತುಂಬ ಕಲ್ಲು. ಒಳಗೆ ಹೋದಂತೆ ದಾರಿ ಹಿಗ್ಗಿ ಒಂದು ದೊಡ್ಡ ಕೋಣೆ. ಕೋಣೆಯಲ್ಲಿ ಹರಳಿನ ಹಾಸಿಗೆ, ಅದರ ಮೇಲೆ ಗಂಡು ಹೆಣ್ಣು ಎರಡೂ ಕೂತಿವೆ! ಪಕ್ಕದಲ್ಲಿ, ಸ್ವಲ್ಪ ಎತ್ತರದಲ್ಲಿ, ಇನ್ನೊಂದು ಹರಳಿನ ಗುಪ್ಪೆ. ಕೆಳಗೆ ತೇವವಾದರೆ ಏರಿ ಕೂರಲು ಮಾಡಿಕೊಂಡ ಅಟ್ಟ ಇರಬೇಕು ಎಂದು ಅವನ ಊಹೆ. ಓಣಿಯಂಥ ಇನ್ನೊಂದು ಸಂದಿಯಲ್ಲಿ ಮುಕ್ಕಾಲು ಬೆಳೆದ ಎರಡು ಮರಿ, ಅವಕ್ಕೂ ಬೇರೆ ಹರಳಿನ ರಾಶಿ. ಹರೆಯದ ಮಕ್ಕಳಿಗೆ ಬೇರೆ ಕೋಣೆ! ಹೊಟ್ಟೆಯ ಕೂದಲು ದಟ್ಟವಾಗಿರುವುದರಿಂದ ಕಲ್ಲಿನ ಚಳಿ, ಒರಟು ತಾಕುವುದಿಲ್ಲ ಎಂಬುದನ್ನೂ ಆತ ಗಮನಿಸಿದ್ದ.

ಸಣ್ಣ ಕಾಡುಪ್ರಾಣಿಗಳ ಸೋಜಿಗ ಎಂದರೆ ನಮ್ಮ ಕಣ್ಣು ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿಗಳತ್ತ ಓಡುತ್ತದೆ. ಓಡಬೇಕಾದ್ದೇ. 4 ಗ್ರಾಂ ತೂಗುವ ಪ್ಲಾನಿಗೇಲ್ ಅಲ್ಲಿದೆ. ಆಂಟಿಕೈನಸ್ ಎಂಬ ಇನ್ನೊಂದು ಇದೆ, ಅದರ ಗಂಡುಗಳೆಲ್ಲ ಎರಡು ಮೂರು ವಾರದ ಬೆದೆಯ ಅಬ್ಬರ ಮುಗಿಸಿ, ಹುಟ್ಟಿ ವರ್ಷ ತುಂಬುವುದರೊಳಗೆ ಒಂದೂ ಉಳಿಯದಂತೆ ಸಾಯುತ್ತವೆ. ನಮ್ಮ ದೇಶದಲ್ಲಿ ಹೊಟ್ಟೆಚೀಲದ ಪ್ರಾಣಿ ಇಲ್ಲ. ಆದರೆ ಅಳತೆ, ತೂಕ, ಆಯುಸ್ಸು ಈ ಮೂರರ ವಿಚಿತ್ರ ಲೆಕ್ಕ ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ಹರಳು ಹೊರುವ ಇಲಿಯೂ ಆಸ್ಟ್ರೇಲಿಯಾದಲ್ಲಿದೆ ಅನ್ನಿ. ಪಿಲ್ಬರಾ ಸೀಮೆಯ ಆ ಇಲಿಗೆ ಹೊಟ್ಟೆಚೀಲ ಇಲ್ಲ, ನಮ್ಮದರ ದೂರದ ದಾಯಾದಿ. ಅದು ಬಿಲದ ಸುತ್ತ ಚದರ ಮೀಟರುಗಟ್ಟಲೆ ಹರಳು ಹರವುತ್ತದೆ, ಕಬ್ಬಿಣದ ಗಣಿಗೆ ಕೈ ಹಾಕುವ ಮೊದಲು ಅದರ ಗುಪ್ಪೆಗಳನ್ನು ಹುಡುಕಿ ನಕ್ಷೆಗೆ ಹಾಕಿಕೊಳ್ಳುತ್ತಾರೆ. ಇತ್ತ ನಮ್ಮ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು, 244 ಚದರ ಕಿ.ಮೀ. ಅಲ್ಲಿ ಚಿರತೆ, ತೋಳ, ಕತ್ತೆಕಿರುಬಗಳಿಗೆ ಹೆಸರಿದೆ. ಕಲ್ಲಿಲಿಯನ್ನು ಕೇಳುವವರಿಲ್ಲ.

ಗುಡ್ಡ ಇಳಿದು ಎರೆಯ ಕಪ್ಪು ನೆಲಕ್ಕೆ ಬನ್ನಿ. ಗದಗ, ಲಕ್ಷ್ಮೇಶ್ವರದ ಕಡೆ ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದನ್ನು ಕಂಡವರಿಗೆ ಹೇಳಬೇಕಿಲ್ಲ, ಕೈ ಇಳಿಸಿದರೆ ಮೊಣಕೈವರೆಗೆ ಹೋಗುವ ಬಿರುಕುಗಳು. ಈ ಬಿರುಕೇ ಮೆಟ್ಟಡೆ ಇಲಿಯ ಮನೆ! ಕಲ್ಲಿಲಿಗಿಂತ ದೊಡ್ಡದು, ಮುಳ್ಳುಗೂದಲಿಲ್ಲ, ಮೆತ್ತನೆಯ ತುಪ್ಪಳ. ಬಿಲ ತೋಡುವ ಶ್ರಮ ಇದಕ್ಕೆ ಆಗಿಬರದು. ಕಂಟಿಯ ಬುಡ, ಹೊಲದ ಕಲ್ಲುಗುಪ್ಪೆ, ಯಾರೋ ಬಿಟ್ಟುಹೋದ ಬಿಲ, ಏನೂ ಸಿಗದಿದ್ದರೆ ನೆಲವೇ ತೆರೆದುಕೊಟ್ಟ ಬಿರುಕು. ಬಾಡಿಗೆ ಇಲ್ಲ, ಆದರೆ ಕರಾರು ಭಯಂಕರ. ಮುಂಗಾರು ಬಿದ್ದ ದಿನ ಎರೆ ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ, ಒಳಗಿದ್ದವು ಒಳಗೇ ಸಮಾಧಿ. ವರ್ಷವರ್ಷವೂ ಲೆಕ್ಕವಿಲ್ಲದಷ್ಟು ಹೀಗೆ ಸಾಯುತ್ತಿದ್ದವು. ಈ ಜೀವದ ಆಯುಸ್ಸನ್ನು ಬರೆಯುವುದು ಮಳೆ!

ಹಾಗಾದರೆ ಮಳೆಯೇ ಬಾರದಿದ್ದರೆ?

1826ರಲ್ಲಿ ಅದೇ ಆಯಿತು. ಮುಂಗಾರಿನ ಮೊದಲ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಒಂದು ಹೆರಿಗೆಗೆ ಆರರಿಂದ ಎಂಟು ಮರಿ, ನೀವೇ ಗುಣಿಸಿಕೊಳ್ಳಿ. ಬಿತ್ತಿದ ಬೀಜ ಬಿತ್ತಿದಂತೆ ತಿಂದವು. ಉಳಿದದ್ದು ಹೇಗೋ ತೆನೆಗೆ ಬಂದರೆ ಜೋಳದ ದಂಟು ಹತ್ತಿ, ತೆನೆಯನ್ನೇ ಕಡಿದು ಕೆಳಗೆ ಕೆಡವಿ, ಆರಾಮಾಗಿ ಕೂತು ಕಾಳು ತಿಂದವು! ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ ಎಂದು ಎಲಿಯಟ್ ಬರೆಯುತ್ತಾನೆ. ಕಂದಾಯದ ಸಾಹೇಬ ಇಲಿಯ ಬೆನ್ನು ಹತ್ತಲು ಬೇರೆ ಕಾರಣ ಬೇಕೆ? ರೈತರು ಕೆರೆ ತೋಡುವ ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಮಾತಾಯಿತು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ.

ಈ ಎಲಿಯಟ್ ಬೇರಾರೂ ಅಲ್ಲ, 1824ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ್ದ ಇಬ್ಬರು ಸಹಾಯಕರಲ್ಲಿ ಒಬ್ಬ. ಅವನ ಮೇಲೆ ನಮಗೆ ಮಮತೆ ಬೇಕಿಲ್ಲ. ಆದರೂ ಸೆರೆಯಿಂದ ಬಿಟ್ಟ ಮೇಲೆ ಇದೇ ನಾಡಿನಲ್ಲಿ ತಿರುಗಿ, ಒಂದು ಕೈಯಲ್ಲಿ ಶಾಸನಗಳ ನಕಲು, ಇನ್ನೊಂದು ಕೈಯಲ್ಲಿ ಇಲಿಯ ಚರ್ಮ ಹಿಡಿದು ಕೂಡಿಟ್ಟವನ ಹುಚ್ಚಿಗೆ ತಲೆದೂಗದೆ ಇರಲಾಗದು. ಶಾಸನಗಳೇ 500ಕ್ಕೂ ಹೆಚ್ಚಾದವು. ಇಲಿಗಳು ಲಂಡನ್ನಿಗೆ ಹೋದವು, ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅವುಗಳಲ್ಲಿ ಕೆಲವಕ್ಕೆ ನಾಮಕರಣ ಮಾಡಿದ. ಎಲಿಯಟ್‌ನ ಸ್ವಂತ ಪಟ್ಟಿ 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಂಟಿಯಲ್ಲಿ ಗೂಡು ಕಟ್ಟುವ ನಮ್ಮ ಗುಲಂದಿ ಇಲಿ ಇವತ್ತಿಗೂ ಜಗತ್ತಿನ ವಿಜ್ಞಾನಿಗಳಿಗೆಲ್ಲ ಗೊಲುಂಡಾ ಎಲಿಯಟಿ. ಹೆಸರಿನ ಅರ್ಧ ಕನ್ನಡದ್ದು, ಅರ್ಧ ಸಾಹೇಬನದು! ಮೆಟ್ಟಡೆ ವಡ್ಡರು ಕರೆಯುತ್ತಿದ್ದ ಹೆಸರು, ಅದೂ ಮಿಲ್ಲಾರ್ಡಿಯಾ ಮೆಲ್ಟಾಡಾ ಎಂದು ಸ್ವಲ್ಪ ಸೊಟ್ಟಗಾಗಿ ಉಳಿದಿದೆ. ಕೆರೆ ತೋಡುವ ಗುದ್ದಲಿಯವರು ಹೇಳಿಕೊಡದಿದ್ದರೆ ಯಾವ ಬಿಲದಲ್ಲಿ ಯಾರಿದ್ದಾರೆಂದು ಸಾಹೇಬನಿಗೆ ತಿಳಿಯುವುದಾದರೂ ಹೇಗೆ?

ಆ ಗುದ್ದಲಿಯವರಿಗೆ ಎಲ್ಲಕ್ಕಿಂತ ಬೇಕಾದದ್ದು ಕೊಕ್ಕು ಎಂಬ ಹೆಗ್ಗಣ. ಅದು ಸುಗ್ಗಿಯಲ್ಲಿ ತೆನೆ ಎಳೆದೊಯ್ದು ನೆಲದೊಳಗೆ ಹಗೇವು ತುಂಬುತ್ತದೆ. ವಡ್ಡರು ಬಿಲ ಅಗೆದರೆ ಇಲಿಯೂ ಸಿಕ್ಕಿತು, ಕಾಳೂ ಸಿಕ್ಕಿತು. ಒಳ್ಳೆಯ ಹೊಲದಲ್ಲಾದರೆ ಮನೆಮಂದಿಯೆಲ್ಲ ಕೂತು ಉಣ್ಣುವಷ್ಟು ಕಾಳು. ಅದಕ್ಕೆ ಕಂದಾಯ ಹಾಕುವ ದಾರಿ ಮಾತ್ರ ಯಾವ ಕಲೆಕ್ಟರನಿಗೂ ಹೊಳೆದಂತಿಲ್ಲ.