ಹಳೆಯ ಆವೃತ್ತಿಗೆ ವಿದಾಯ ಎಂದು?

ಮಧುಗಿರಿ ತಾಲ್ಲೂಕಿನ ದೊಡ್ಡೇರಿಯ ಕಡೆಯಿಂದ ಕಾಲೇಜಿಗೆ ಬರುವ ನನ್ನ ವಿದ್ಯಾರ್ಥಿನಿಯೊಬ್ಬಳು ಒಂದು ದಿನ ವಿಚಿತ್ರವಾದ ದೂರೊಂದನ್ನು ಹೊತ್ತು ಬಂದಳು. ಲೋಲಕದ ಪ್ರಯೋಗದಲ್ಲಿ ದೊರೆತ ಅಂಕೆಗಳಿಂದ ಗುರುತ್ವ ವೇಗೋತ್ಕರ್ಷವನ್ನು ಗಣಿಸಿ ನಕ್ಷೆ ಬರೆಯುವುದಕ್ಕೆ ಪೈಥಾನ್ ಎಂಬ ಗಣಕಭಾಷೆಯನ್ನು ಬಳಸಿರೆಂದು ನಾನು ತರಗತಿಯಲ್ಲಿ ಹೇಳಿದ್ದೆ. ಅವಳ ಮನೆಯಲ್ಲಿದ್ದುದು ಅಣ್ಣನು ಬಳಸಿ ಬಿಟ್ಟ ಕಂಪ್ಯೂಟರು. ಅದರೊಳಗಿದ್ದುದು ವಿಂಡೋಸ್ 7. ಪೈಥಾನಿನ ಹೊಸ ಆವೃತ್ತಿ ಅದರಲ್ಲಿ ಕಾಲೂರಲು ಒಪ್ಪಲೇ ಇಲ್ಲ. “ಯಂತ್ರ ಕೆಟ್ಟಿಲ್ಲ ಸಾರ್, ಚೆನ್ನಾಗಿಯೇ ಇದೆ. ಆದರೂ ಬೇಡವೆನ್ನುತ್ತದೆ” ಎಂದಳು. ಬೇಡವೆಂದವರು ಯಾರು, ಏತಕ್ಕಾಗಿ ಎಂಬುದನ್ನು ವಿಚಾರಿಸುತ್ತ ಹೋದರೆ ನಮ್ಮ ಕಾಲದ ಒಂದು ಸ್ವಾರಸ್ಯವಾದ ಸಮಸ್ಯೆಯೇ ಎದುರಾಗುತ್ತದೆ.

ನಾಟಕ ಕಂಪನಿಯೊಂದು ಊರೂರಿಗೆ ಹೋಗುವುದನ್ನು ವಾಚಕರು ನೆನೆದುಕೊಳ್ಳಲಿ. ನಾಟಕ ಒಂದೇ, ಆದರೆ ಪರದೆ, ದೀಪ, ಏಣಿಗಳೆಲ್ಲವೂ ಆಯಾ ಊರಿನ ರಂಗಸ್ಥಳಕ್ಕೆ ಒಗ್ಗಬೇಕು. ಗಣಕದಲ್ಲಿ ನಾವು ಬರೆಯುವ ಕ್ರಮವಿಧಿಗೂ ಇಂಥದೊಂದು ರಂಗಸ್ಥಳ ಬೇಕು. ವಿಧಿಯನ್ನು ಓದಿ, ಅರ್ಥಮಾಡಿಕೊಂಡು, ನಡೆಯಿಸುವ ಈ ವ್ಯವಸ್ಥೆಯನ್ನು ಚಾಲನಾವ್ಯವಸ್ಥೆ ಎನ್ನೋಣ. ಪೈಥಾನಿನ ವಿಧಿಗಳಿಗೆ ಪೈಥಾನೇ ರಂಗಸ್ಥಳ. ಆ ಪೈಥಾನಿಗೆ ವಿಂಡೋಸೋ ಲಿನಕ್ಸೋ ನೆಲ. ರಂಗಸ್ಥಳ ಕಾಲಕಾಲಕ್ಕೆ ಹೊಸದಾಗುತ್ತದೆ. ಹಳೆಯದರ ಅಳತೆಗೂ ಹೊಸದರ ಅಳತೆಗೂ ಏಕಕಾಲದಲ್ಲಿ ಪರದೆ ಹೊಲಿಯುತ್ತ ಎಷ್ಟು ದಿನ ಇರಬೇಕು? ಮುಕ್ತ ತಂತ್ರಾಂಶವನ್ನು ಬರೆದು ಲೋಕಕ್ಕೆ ಉಚಿತವಾಗಿ ಕೊಡುವವರನ್ನು ಕಾಡುವ ಪ್ರಶ್ನೆ ಇದೇ.

ಹೊಸದಾಗುವುದೇ ಬೇಡವೆಂದರೆ ಆಗದೆ? ಆಗದು. ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಬಹು ಪ್ರಿಯವಾದ ಉದಾಹರಣೆಯೊಂದುಂಟು. ಚಲನಶಕ್ತಿಯೆಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದುದರ ಅರ್ಧ. ದ್ರವ್ಯರಾಶಿ 2, ವೇಗ 3 ಆದರೆ ಉತ್ತರ 9. ಆದರೆ ಹಳೆಯ ಪೈಥಾನ್ 2ರಲ್ಲಿ ಸೂತ್ರವನ್ನು ಪುಸ್ತಕದಲ್ಲಿರುವಂತೆಯೇ 1/2ರಿಂದ ಆರಂಭಿಸಿ ಬರೆದರೆ ಉತ್ತರ ಸೊನ್ನೆ ಬರುತ್ತಿತ್ತು! ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷವನ್ನು ಎಸೆಯುವುದು ಅದರ ಪದ್ಧತಿ. ಒಂದರಲ್ಲಿ ಎರಡು ಹೋಗುವುದು ಸೊನ್ನೆ ಸಲ. ಮುಂದೆ ಏನನ್ನು ಗುಣಿಸಿದರೂ ಸೊನ್ನೆಯೇ. ತಪ್ಪಾಯಿತೆಂದು ಯಂತ್ರ ಹೇಳುತ್ತಲೂ ಇರಲಿಲ್ಲ. ಪೈಥಾನ್ 3ರಲ್ಲಿ ಅದೇ ಸೂತ್ರಕ್ಕೆ 9 ಎಂಬ ಉತ್ತರವೇ ಸಿಕ್ಕುತ್ತದೆ.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ‘ದೊಡ್ಡೇರಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಪದ್ಧತಿ ವ್ಯಂಜನ, ಒತ್ತಿನ ಗುರುತು, ಸ್ವರಚಿಹ್ನೆಗಳನ್ನು ಬೇರೆ ಬೇರೆಯಾಗಿ ಎಣಿಸುವುದರಿಂದ ಅದರ ಲೆಕ್ಕಕ್ಕೆ ಎಂಟು. ಇದನ್ನು ಸಂಗ್ರಹಿಸಿಡುವ ಸಾಮಾನ್ಯ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕಾದುದರಿಂದ ಒಟ್ಟು ಇಪ್ಪತ್ತನಾಲ್ಕು ಬೈಟು. ಸಾಧಾರಣ ರೀತಿಯಲ್ಲಿ ಬರೆದು ಉದ್ದವೆಷ್ಟೆಂದು ಕೇಳಿದರೆ ಪೈಥಾನ್ 2 ಇಪ್ಪತ್ತನಾಲ್ಕು ಎನ್ನುತ್ತಿತ್ತು. ಪೈಥಾನ್ 3 ಎಂಟು ಎನ್ನುತ್ತದೆ. ಮೂರು ಎನ್ನುವುದನ್ನು ಅದೂ ಇನ್ನೂ ಕಲಿತಿಲ್ಲವೆನ್ನಿ. ಆದರೂ ಬೈಟನ್ನೇ ಅಕ್ಷರವೆಂದು ಭ್ರಮಿಸಿ ಕನ್ನಡದ ಪದವನ್ನು ನಡುವೆ ತುಂಡರಿಸುವ ಅಪಾಯ ಬಹಳಮಟ್ಟಿಗೆ ತಪ್ಪಿತು.

ಪೈಥಾನ್ 3 ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಹಳೆಯ ಸಾಲಿನ ಕೊನೆಯದಾದ 2.7 ಬಂದದ್ದು 2010ರಲ್ಲಿ. ಅದಕ್ಕೆ 2015ರ ವರೆಗೆ ಮಾತ್ರ ಆಸರೆಯೆಂದು ಮೊದಲು ಗೊತ್ತಾಗಿತ್ತು, ಜನ ಕದಲಲಿಲ್ಲ. 2014ರಲ್ಲಿ ಆ ಗಡುವನ್ನು 2020ಕ್ಕೆ ಮುಂದೂಡಿದರು. ಹೀಗೆ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಎರಡು ಪೈಥಾನುಗಳು ಜೊತೆಯಲ್ಲಿಯೇ ಬಾಳಿದುವು. ಈ ಅವಧಿಯಲ್ಲಿ ಲೈಬ್ರರಿಗಳನ್ನು, ಎಂದರೆ ಸಿದ್ಧ ವಿಧಿಗಳ ಸಂಚಯಗಳನ್ನು, ಕಟ್ಟುತ್ತಿದ್ದವರು ಒಂದೇ ವಾಕ್ಯವನ್ನು ಎರಡು ಭಾಷೆಗಳಿಗೂ ಸಲ್ಲುವಂತೆ ಬರೆಯುತ್ತ ಬೆವರು ಸುರಿಸಬೇಕಾಯಿತು.

ಈ ಬೆವರಿನ ಲೆಕ್ಕವನ್ನು ಸ್ವಲ್ಪ ಹಾಕಿ ನೋಡೋಣ. ಪೈಥಾನಿನ ನಾಲ್ಕು ಆವೃತ್ತಿಗಳು, ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಮೂರು ನೆಲಗಳು, ಎರಡು ಬಗೆಯ ಸಂಸ್ಕಾರಕಗಳು: ಇಷ್ಟಕ್ಕೇ ಇಪ್ಪತ್ತನಾಲ್ಕು ಜೋಡಣೆಗಳಾದುವು. ಪ್ರತಿಯೊಂದು ತಿದ್ದುಪಡಿಯನ್ನೂ ಈ ಇಪ್ಪತ್ತನಾಲ್ಕರಲ್ಲಿಯೂ ಪರೀಕ್ಷಿಸಬೇಕು. ಏಳು ಆವೃತ್ತಿಗಳನ್ನು ಸಾಕುತ್ತೇವೆಂದರೆ ನಲವತ್ತೆರಡು. ಇದನ್ನು ಮಾಡುವವರಲ್ಲಿ ಅನೇಕರು ಸಂಬಳವಿಲ್ಲದೆ, ರಾತ್ರಿಯ ಬಿಡುವಿನಲ್ಲಿ ದುಡಿಯುವವರು. ಹಳೆಯದನ್ನು ಸಾಕಲು ವ್ಯಯವಾದ ಒಂದೊಂದು ಗಂಟೆಯೂ ದೋಷ ತಿದ್ದುವ ಕೆಲಸದಿಂದ ಕಳೆದ ಗಂಟೆ.

ಆದುದರಿಂದ ನಿರ್ಣಯವನ್ನು ಪ್ರತಿಸಲವೂ ಜಗಳವಾಡಿ ತೀರ್ಮಾನಿಸುವುದಕ್ಕಿಂತ ಕ್ಯಾಲೆಂಡರಿಗೆ ಒಪ್ಪಿಸುವುದು ಮೇಲೆಂದು ಕೆಲವರಿಗೆ ತೋರಿತು. ಸಂಖ್ಯಾಗಣನೆಯ ಲೈಬ್ರರಿಯಾದ ನಂಪೈಯವರು 2019ರಲ್ಲಿ, ಬಿಡುಗಡೆಯಾಗಿ 42 ತಿಂಗಳಾಗದ ಪೈಥಾನ್ ಆವೃತ್ತಿಗಳಿಗೆ ಮಾತ್ರ ಆಸರೆಯೆಂಬ ನಿಯಮವನ್ನು ಮುಂದಿಟ್ಟರು. ಪೈಥಾನ್ 3.8 ಹುಟ್ಟಿದ್ದು 2019ರ ಅಕ್ಟೋಬರಿನಲ್ಲಿ. 42 ತಿಂಗಳು ಕೂಡಿಸಿದರೆ 2023ರ ಏಪ್ರಿಲ್. ಆ ವರ್ಷದ ಜೂನಿನಲ್ಲಿ ಬಂದ ನಂಪೈ 1.25 ಅದನ್ನು ಕೈಬಿಟ್ಟಿತು. ಪೈಥಾನಿನವರಾದರೋ ತಮ್ಮ ಒಂದೊಂದು ಆವೃತ್ತಿಯನ್ನೂ ಐದು ವರ್ಷ ಕಾಯುತ್ತಾರೆ. ಈ ಅಂತರ ಕಠಿಣವೆಂದು ದೂರುವವರುಂಟು. ನನಗೆ ಹಾಗೆ ತೋರುವುದಿಲ್ಲ. ಏಕೆಂದರೆ ಕೈಬಿಡುವುದೆಂದರೆ ಕಿತ್ತುಕೊಳ್ಳುವುದಲ್ಲ. ಹಳೆಯ ನಂಪೈ ಭಂಡಾರದಲ್ಲಿ ಹಾಗೆಯೇ ಇರುತ್ತದೆ. ಮುಖ್ಯವಾದುದು ಅದು ತಾನಾಗಿ ದೊರೆಯುವಂತಿರುವುದು. ಮೊದಲು ಈ ಅನುಕೂಲವಿರಲಿಲ್ಲ. ಬೇಕೆಂದವನಿಗೆಲ್ಲ ಹೊಸತನ್ನೇ ಕೊಟ್ಟು, ಹಳೆಯ ಯಂತ್ರದಲ್ಲಿ ಅದು ಮುರಿದು ಬೀಳುತ್ತಿತ್ತು. 2016ರ ನವೆಂಬರಿನಲ್ಲಿ, ಲೈಬ್ರರಿಗಳನ್ನು ತಂದುಕೊಡುವ ಪಿಪ್ ಎಂಬ ಸಾಧನ, “ನಾನು ಇಂಥ ಪೈಥಾನಿನ ಮೇಲೆ ಮಾತ್ರ ನಡೆಯುವೆನು” ಎಂದು ಪ್ರತಿಯೊಂದು ಆವೃತ್ತಿಯ ಮೇಲೂ ಅಂಟಿಸಿದ ಚೀಟಿಯನ್ನು ಓದತೊಡಗಿತು. ಇದಾದ ಮೇಲೆಯೇ, 2017ರಲ್ಲಿ, ಐಪೈಥಾನಿನವರು ಧೈರ್ಯವಾಗಿ ಪೈಥಾನ್ 2ನ್ನು ಬಿಟ್ಟರು. ಹಿಂದಿನ ಸಾಲಿನ ದೋಷಗಳನ್ನು ಇನ್ನೂ ಕೆಲಕಾಲ ತಿದ್ದುತ್ತಲೂ ಇದ್ದರು.

ನನಗೆ ಒಪ್ಪಿಗೆಯಾಗದ ಮಾನದಂಡವೊಂದಿದೆ: ತಲೆಯೆಣಿಕೆ. ಹಳೆಯ ಆವೃತ್ತಿಯನ್ನು ಎಷ್ಟು ಸಲ ಇಳಿಸಿಕೊಂಡರೆಂದು ನೋಡಿ, ಕಡಮೆಯಾದರೆ ಬಿಡುವುದು. ಎಣಿಕೆಗೆ ಸಿಕ್ಕುವವರಲ್ಲಿ ಬಹುಪಾಲು ಮನುಷ್ಯರೇ ಅಲ್ಲ. ದಿನಕ್ಕೆ ಹತ್ತಾರು ಸಲ ಅದೇ ಲೈಬ್ರರಿಯನ್ನು ತಂದು ಪರೀಕ್ಷೆ ನಡೆಯಿಸಿ ಅಳಿಸಿಹಾಕುವ ಸ್ವಯಂಚಾಲಿತ ಯಂತ್ರಗಳು. ಸಿರಾದಲ್ಲಿಯೋ ಪಾವಗಡದಲ್ಲಿಯೋ ಒಬ್ಬನು ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಮೂವತ್ತು ಯಂತ್ರಗಳಿಗೆ ಹಂಚಿದರೆ ಆ ಮೂವತ್ತೂ ಸೇರಿ ಲೆಕ್ಕಕ್ಕೆ ಒಂದು. ಬಡವರ ಯಂತ್ರಗಳು ಈ ಜನಗಣತಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ನಮ್ಮ ದೇಶವೂ ಇಂಥ ವಿದಾಯವನ್ನು ಕಂಡಿದೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇ ಪೈಸೆಯಾದಾಗ ಹದಿನಾರಾಣೆಯ ಲೆಕ್ಕ ಮರುದಿನವೇ ಮಾಯವಾಗಲಿಲ್ಲ. ಒಂದಾಣೆಗೆ ಆರೂಕಾಲು ಪೈಸೆಯೆಂಬ ತೊಡಕನ್ನು ನುಂಗಿಕೊಂಡು ಎರಡು ನಾಣ್ಯಗಳೂ ಕೆಲವು ವರ್ಷ ಜೊತೆಯಲ್ಲಿ ನಡೆದುವು. ‘ನಯೇ’ ಎಂಬ ಮಾತು ಉದುರಿದ್ದು 1964ರಲ್ಲಿ. ಸೇರಿನ ಬದಲು ಕಿಲೋಗ್ರಾಂ ಬಂದುದೂ 1958ರಿಂದ ಹಂತಹಂತವಾಗಿ. ಸರ್ಕಾರ ಕೈಬಿಟ್ಟು ಅರುವತ್ತು ವರ್ಷ ಕಳೆದರೂ ನಮ್ಮ ಅಡಿಗೆಮನೆಗಳಲ್ಲಿ ಅಕ್ಕಿ ಅಳೆಯುವ ಪಾವು ಇನ್ನೂ ಇದೆಯೆಂಬುದು ಬೇರೆ ಮಾತು. ಅದಕ್ಕೆ ಯಾರ ಆಸರೆಯೂ ಬೇಕಿಲ್ಲ. ಗಣಕಕ್ಕೆ ಈ ಭಾಗ್ಯವಿಲ್ಲ. ರಕ್ಷಣೆಯ ರಂಧ್ರಗಳನ್ನು ಮುಚ್ಚುವವರಿಲ್ಲದ ಹಳೆಯ ತಂತ್ರಾಂಶವನ್ನು ಅಂತರಜಾಲಕ್ಕೆ ಒಡ್ಡುವುದು ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆ.

ಇನ್ನು ದೊಡ್ಡೇರಿಯ ಕಡೆಯ ಯಂತ್ರದ ವಿಚಾರ. ವಿಂಡೋಸಿನ ಯಾವ ಆವೃತ್ತಿಯನ್ನು ಅದರ ತಯಾರಕರೇ ಕೈಬಿಟ್ಟಿರುವರೋ ಅದನ್ನು ಹೊಸ ಪೈಥಾನೂ ಪರಿಗಣಿಸುವುದಿಲ್ಲವೆಂಬುದು ನಿಯಮ. ವಿಂಡೋಸ್ 7ನ್ನು ಮೈಕ್ರೋಸಾಫ್ಟ್ 2020ರ ಜನವರಿ 14ರಂದು ಬಿಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.9 ಅದರ ಮೇಲೆ ಕೂರದು. 3.8 ಕೂರುತ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟೆ. ಉಳಿದುದನ್ನು ಅವಳು ಮೊಬೈಲಿನ ಸಂಪರ್ಕದಿಂದ ತಾನೇ ತರಿಸಿಕೊಂಡಳು. ಪಿಪ್ ಚೀಟಿಯನ್ನು ಓದಿ, ಹೊಸತನ್ನು ಬದಿಗಿಟ್ಟು, ನಂಪೈ 1.24ನ್ನು ಒಪ್ಪಿಸಿತು. ದೋಲನಾವಧಿಯ ವರ್ಗಕ್ಕೂ ಲೋಲಕದ ಉದ್ದಕ್ಕೂ ಇರುವ ಸಂಬಂಧ ನೇರವಾದ ಗೆರೆಯಾಗಿ ಮೂಡಿತು. ಗುರುತ್ವ ವೇಗೋತ್ಕರ್ಷ 9.7ರ ಆಸುಪಾಸಿಗೆ ಬಂದಿತ್ತು. ನಮ್ಮ ಪ್ರಯೋಗಶಾಲೆಯ ದಾರಕ್ಕೆ ಅದು ಸಾಲದೆನ್ನುವಂತಿಲ್ಲ.

ಆದರೆ 3.8ರ ಐದು ವರ್ಷಗಳೂ 2024ರ ಅಕ್ಟೋಬರಿಗೆ ಮುಗಿದಿವೆ. ಯಂತ್ರದ ಸಂಸ್ಕಾರಕ 64 ಬಿಟ್ಟಿನದಾದುದರಿಂದ ಅದರಲ್ಲಿ ಡೆಬಿಯನ್ ಲಿನಕ್ಸನ್ನು ಹೂಡಬಹುದು. 32 ಬಿಟ್ಟಿನದಾಗಿದ್ದರೆ 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಅದರಲ್ಲಿ ಸ್ಥಾಪಿಸುವಂತಿರಲಿಲ್ಲ. ರಜೆಯಲ್ಲಿ ಆ ಕೆಲಸ ಮಾಡೋಣವೆಂದಿದ್ದೇನೆ. ಅದಕ್ಕೆ ಮುಂಚೆ ಅಣ್ಣನ ಹಳೆಯ ಛಾಯಾಚಿತ್ರಗಳನ್ನೆಲ್ಲ ಬೇರೆಡೆಗೆ ನಕಲುಮಾಡಿಕೊಳ್ಳಬೇಕೆಂದು ಅವಳು ನೆನಪಿಸಿದ್ದಾಳೆ.