ಮೇಷ್ಟ್ರು ಕಾಣದ ಕ್ಲಾಸಿನಲ್ಲಿ ಮಾರ್ಕು

ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಯಾವ ಪದವಿ ಓದಿದರೂ ಅಮೆರಿಕದ ಇತಿಹಾಸದಿಂದ ತಪ್ಪಿಸಿಕೊಳ್ಳುವಂತಿಲ್ಲ. ಆರು ಕ್ರೆಡಿಟ್, ಅಂದರೆ ಎರಡು ಕೋರ್ಸು, ಮುಗಿಸಲೇಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಹಾಗಾಗಿ ಆಸ್ಟಿನ್, ಡಲ್ಲಾಸ್ ಕಡೆ ನೆಲೆಸಿದ ಕನ್ನಡದ ಮನೆಗಳಲ್ಲೂ ಕಂಪ್ಯೂಟರ್ ಸೈನ್ಸ್ ಓದುವ ಮಗನೋ ಮಗಳೋ ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಇತಿಹಾಸಕ್ಕೆ ಹೆಸರು ಹಚ್ಚುವುದುಂಟು. ಮನೆಯಲ್ಲೇ ಕೂತು ಮುಗಿಸುವುದಲ್ಲವೇ, ಅದೇನು ಮಹಾ ಎಂಬ ಧೈರ್ಯ. ಮೊದಲ ಅಸೈನ್‌ಮೆಂಟಿನ ಮಾರ್ಕು ಬರುವವರೆಗೆ ಅದು ಉಳಿದಿರುತ್ತದೆ.

ಇಂಥ ಆನ್‌ಲೈನ್ ಕೋರ್ಸುಗಳಲ್ಲಿ ‘ಸೆಲ್ಫ್ ಪೇಸ್ಡ್’ ಎಂಬ ಬಗೆಯದರಲ್ಲಿ ಪಾಠದ ಗಂಟೆ ಇಲ್ಲ, ಹಾಜರಿ ಇಲ್ಲ. ಪಾಠವೆಲ್ಲ ಮಾಡ್ಯೂಲ್‌ಗಳಾಗಿ ಮೊದಲೇ ಸಿದ್ಧವಿರುತ್ತದೆ. ಓದಿ, ಬರೆದು, ಒಪ್ಪಿಸುತ್ತಾ ಮುಂದೆ ಹೋಗುವುದು ಅವರವರಿಗೆ ಬಿಟ್ಟದ್ದು. ಇದು ಇಂಟರ್‌ನೆಟ್ ತಂದ ಹೊಸ ಯೋಚನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡ್ ಕೆಲ್ಲರ್ 1968ರಲ್ಲೇ ‘ಗುಡ್ ಬೈ, ಟೀಚರ್’ ಎಂಬ ತುಂಟ ತಲೆಬರಹದ ಲೇಖನದಲ್ಲಿ ಇದನ್ನು ಬಿಡಿಸಿಟ್ಟಿದ್ದರು. ಪಾಠವನ್ನು ಸಣ್ಣ ಘಟಕಗಳಾಗಿ ಒಡೆಯಬೇಕು, ಒಂದು ಪಕ್ಕಾ ಆದ ಮೇಲೆಯೇ ಇನ್ನೊಂದು, ಸೋತರೆ ದಂಡವಿಲ್ಲ, ಮತ್ತೆ ಬರೆಯಬಹುದು. ಇಂದಿನ ಕ್ವಿಜ್‌ಗಳಲ್ಲಿ ‘ಎರಡು ಸಲ ಬರೆಯಬಹುದು, ಹೆಚ್ಚು ಬಂದದ್ದು ಲೆಕ್ಕಕ್ಕೆ’ ಎಂಬ ನಿಯಮ ಕಂಡರೆ ಅದು ಕೆಲ್ಲರ್ ಮನೆತನದ್ದೇ.

ಇಸವಿ, ಹೆಸರು, ಕಾಯ್ದೆಗಳ ಮಟ್ಟಿಗೆ ಈ ಪದ್ಧತಿ ಚೆನ್ನ. ಆದರೆ ಇತಿಹಾಸ ಅಷ್ಟೇ ಅಲ್ಲವಲ್ಲ. ಒಳ್ಳೆಯ ಮೇಷ್ಟ್ರು ಕ್ವಿಜ್‌ಗೆ ನೂರಕ್ಕೆ ಇಪ್ಪತ್ತರಷ್ಟು ತೂಕ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ದೊಡ್ಡ ಪಾಲನ್ನು ಮೂಲ ದಾಖಲೆ ಓದಿ ಬರೆಯುವ ಕೆಲಸಕ್ಕೆ ಎತ್ತಿಡುತ್ತಾರೆ. ಅವರ ಕಸುಬುಗಾರಿಕೆ ಕಾಣುವುದು ಅಲ್ಲಿ.

1770ರ ಮಾರ್ಚ್ 5ರ ರಾತ್ರಿಯನ್ನೇ ತೆಗೆದುಕೊಳ್ಳಿ. ಬಾಸ್ಟನ್‌ನ ಕಿಂಗ್ ಸ್ಟ್ರೀಟ್‌ನಲ್ಲಿ ಬ್ರಿಟಿಷ್ ಸೈನಿಕರು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು, ಐವರು ಸತ್ತರು. ಕಾರಣಗಳನ್ನು ವಿವರಿಸಿ ಎಂದು ಕೇಳಿದರೆ ಯಾರು ಬೇಕಾದರೂ ಎಲ್ಲಿಂದಲಾದರೂ ಇಳಿಸಿಬಿಡುತ್ತಾರೆ. ಅದರ ಬದಲು ಮೇಷ್ಟ್ರು ಎರಡು ದಾಖಲೆ ಮುಂದಿಡುತ್ತಾರೆ. ಒಂದು, ಬ್ರಿಟಿಷ್ ವಿರೋಧಿ ಪಾಲ್ ರಿವಿಯರ್ ಅಚ್ಚು ಹಾಕಿ ಮಾರಿದ ಚಿತ್ರ. ಇನ್ನೊಂದು, ಸೈನಿಕರ ನಾಯಕ ಕ್ಯಾಪ್ಟನ್ ಥಾಮಸ್ ಪ್ರೆಸ್ಟನ್ ಸೆರೆಮನೆಯಿಂದ ಬರೆದ ಹೇಳಿಕೆ. ಪ್ರಶ್ನೆ ಇಷ್ಟೇ: ಗುಂಡು ಹಾರಿಸಲು ಆಜ್ಞೆ ಆಯಿತೇ? ಇವೆರಡನ್ನು ಇಟ್ಟುಕೊಂಡು ಎಷ್ಟರ ಮಟ್ಟಿಗೆ ಹೇಳಬಲ್ಲಿರಿ?

ಚಿತ್ರದಲ್ಲಿ ಸೈನಿಕರು ನೆಟ್ಟಗೆ ಸಾಲುಗಟ್ಟಿ ನಿಂತಿದ್ದಾರೆ, ಹಿಂದೆ ಪ್ರೆಸ್ಟನ್ ಕತ್ತಿ ಎತ್ತಿದ್ದಾನೆ. ಕಟ್ಟಡದ ಮೇಲೆ ‘ಕಟುಕರ ಮನೆ’ ಎಂಬ ಅರ್ಥದ ಬೋರ್ಡು. ರಾತ್ರಿಯ ಘಟನೆಗೆ ನೀಲಿ ಆಕಾಶ. ಅಂದು ನೆಲದ ಮೇಲಿದ್ದ ಹಿಮದ ಸುಳಿವಿಲ್ಲ. ಪ್ರೆಸ್ಟನ್ ಹೇಳುವುದೇ ಬೇರೆ: ಜನ ದೊಣ್ಣೆ ಹಿಡಿದಿದ್ದರು, ಹಿಮದುಂಡೆ ಎಸೆದರು, ನಾನು ನಿಂತಿದ್ದುದು ನಮ್ಮವರ ಕೋವಿಗಳ ಮುಂದೆ, ಹಾರಿಸಿ ಎಂದಿದ್ದರೆ ಮೊದಲು ಬೀಳುತ್ತಿದ್ದವನು ನಾನೇ.

‘ಪ್ರೆಸ್ಟನ್ ಸುಳ್ಳುಗಾರ, ಚಿತ್ರದಲ್ಲೇ ಕಾಣುತ್ತದಲ್ಲ’ ಎಂದು ಬರೆದವರಿಗೆ ಕಡಿಮೆ ಅಂಕ, ಅದು ಸರಿಯೇ. ‘ಇಬ್ಬರೂ ಪಕ್ಷಪಾತಿಗಳು, ಇಬ್ಬರನ್ನೂ ನಂಬುವಂತಿಲ್ಲ’ ಎಂಬ ಉತ್ತರ ಜಾಣತನದ್ದಾಗಿ ಕಾಣುತ್ತದೆ. ಪಳಗಿದ ಮೇಷ್ಟ್ರು ಇದಕ್ಕೆ ಮರುಳಾಗುವುದಿಲ್ಲ. ಅನುಮಾನಿಸಿ ಕೈ ಚೆಲ್ಲುವುದು ಅರ್ಧ ಕೆಲಸ ಮಾತ್ರ. ಆ ಚಿತ್ರ ಅಂದಿನ ರಾತ್ರಿಗೆ ದುರ್ಬಲ ಸಾಕ್ಷಿಯಾದರೂ, ಬ್ರಿಟಿಷ್ ವಿರೋಧಿಗಳು ಊರನ್ನು ಏನು ನಂಬಿಸಹೊರಟಿದ್ದರು ಎಂಬುದಕ್ಕೆ ಬಲವಾದ ಸಾಕ್ಷಿ ಎಂದು ಕಂಡುಕೊಂಡವರಿಗೆ, ಕೊಲೆ ಆರೋಪ ಹೊತ್ತವನ ಹೇಳಿಕೆಯನ್ನು ಒರೆಗೆ ಹಚ್ಚಲು ಮೂರನೆಯ ಸಾಕ್ಷಿಯನ್ನು ಹುಡುಕಿದವರಿಗೆ ಪೂರ್ತಿ ಅಂಕ. ಹುಡುಕಿದವರಿಗೆ ವಿಚಾರಣೆಯ ದಾಖಲೆ ಸಿಗುತ್ತದೆ: ಆರೋಪಿಗಳ ಪರ ವಕೀಲ ಜಾನ್ ಆಡಮ್ಸ್ ವಾದಿಸಿದರು, ಪ್ರೆಸ್ಟನ್ ಬಿಡುಗಡೆಯಾದ, ಎಂಟು ಸೈನಿಕರಲ್ಲಿ ಇಬ್ಬರಿಗಷ್ಟೇ ಶಿಕ್ಷೆ, ಅದೂ ಹೆಬ್ಬೆರಳಿಗೆ ಬರೆ.

ಈ ತೂಕದ ಹಿಂದೆ ಒಂದು ಅಧ್ಯಯನವೂ ಇದೆ. ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇತಿಹಾಸಕಾರರಿಗೂ ಹೈಸ್ಕೂಲು ಮಕ್ಕಳಿಗೂ ಒಂದೇ ದಾಖಲೆಗಳನ್ನು ಕೊಟ್ಟು ಓದಿಸಿದರು. ಇತಿಹಾಸಕಾರರು ಬರೆದವರು ಯಾರು, ಯಾವಾಗ ಎಂದು ಮೊದಲು ನೋಡಿಕೊಂಡರು. ಮಕ್ಕಳು ಮೊದಲ ಸಾಲಿನಿಂದ ಶುರು ಮಾಡಿ ಕೊನೆಗೆ ಇಳಿದರು. ರೂಬ್ರಿಕ್ ಎಂಬ, ಅಂಕ ಕೊಡುವ ಮಾನದಂಡಗಳ ಪಟ್ಟಿಯಲ್ಲಿ ‘ದಾಖಲೆಯ ಮೂಲವನ್ನು ಪ್ರಶ್ನಿಸಿದ್ದಾರೆಯೇ’ ಎಂಬ ಕಾಲಮ್ಮಿಗೆ ಹೆಚ್ಚು ಅಂಕ ಇಡುವುದು ಈ ಅಭ್ಯಾಸ ಕೈಗೆ ಹತ್ತಲಿ ಎಂದೇ.

ಆ ಪಟ್ಟಿಗೆ ಇಲ್ಲಿ ಇನ್ನೊಂದು ಹೊಣೆ ಇದೆ. ಮಾಮೂಲಿ ಕ್ಲಾಸಿನಲ್ಲಿ ಉತ್ತರಗಳ ಕಟ್ಟು ಒಟ್ಟಿಗೆ ಬರುತ್ತದೆ, ಒಂದರ ಪಕ್ಕ ಇನ್ನೊಂದಿಟ್ಟು ತೂಗಬಹುದು. ಇಲ್ಲಿ ಒಬ್ಬಳ ಬಾಸ್ಟನ್ ಉತ್ತರ ಜೂನ್ ಮೊದಲ ವಾರ ಬಂದರೆ ಇನ್ನೊಬ್ಬನದು ಆಗಸ್ಟಿನಲ್ಲಿ, ಮೇಷ್ಟ್ರು ಸುಸ್ತಾದ ಹೊತ್ತಿನಲ್ಲಿ. ಅಳತೆ ಜಾರಬಾರದೆಂದು ಅನುಭವಸ್ಥರು ಹಿಂದೆ ಅಂಕ ಕೊಟ್ಟ ಎರಡು ಮೂರು ಮಾದರಿ ಉತ್ತರಗಳನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಾರೆ.

ಅಂಚಿನಲ್ಲಿ ಬರೆಯುವ ಟಿಪ್ಪಣಿಯೇ ಇಲ್ಲಿನ ಪಾಠ. ‘ವಿಶ್ಲೇಷಣೆ ಸಾಲದು’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಆಕಾಶದ ಬಣ್ಣ ನೋಡಿ, ಆಗ ಗಂಟೆ ಎಷ್ಟಿತ್ತು?’ ಎಂದು ಕೇಳಿ ತಿದ್ದಿ ಬರೆಯಲು ಅವಕಾಶ ಕೊಟ್ಟರೆ ಎರಡನೆಯ ಉತ್ತರ ಬೇರೆಯೇ ಆಗಿ ಬರುತ್ತದೆ. ಯಂತ್ರದಿಂದ ಬರೆಸಿ ತರುವ ಕಾಲದಲ್ಲಿ ಕೆಲವರು ಹತ್ತು ನಿಮಿಷದ ವಿಡಿಯೊ ಮಾತುಕತೆಯನ್ನೂ ಸೇರಿಸಿದ್ದಾರೆ. ಬರೆದದ್ದು ಸ್ವಂತದ್ದೇ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು.

ಗಡುವಿಲ್ಲದ ಕಡೆ ಕೆಲಸ ಮುಂದೂಡುವುದು ಕೆಲ್ಲರ್ ಪದ್ಧತಿಗೆ ಆಗಲೇ ಅಂಟಿದ್ದ ರೋಗ. ಅದಕ್ಕೇ ಈಗ ನಡುನಡುವೆ ಮೆತ್ತನೆಯ ಗಡುವುಗಳಿರುತ್ತವೆ. ಬಹುಪಾಲು ಕೆಲಸ ಮುಗಿಸಿ ನಿಜವಾದ ಕಾರಣಕ್ಕೆ ನಿಂತವರಿಗೆ ‘ಇನ್‌ಕಂಪ್ಲೀಟ್’, ಅಂದರೆ ‘ಐ’ ಗ್ರೇಡು ಸಿಗಬಹುದು. ಅದಕ್ಕೂ ಒಂದು ತಾರೀಖಿದೆ. ಅದು ದಾಟಿದರೆ ಬಹಳ ಕಡೆ ಆ ‘ಐ’ ತಾನಾಗಿಯೇ ‘ಎಫ್’ ಆಗುತ್ತದೆ.