ಬೆಲ್ಲದ ಪಾಕದಲ್ಲಿ ಗೆಣಸು

ನಮ್ಮ ಕೋಗಿಲಬನದ ಕಡೆ ಚಳಿ ಶುರುವಾದ್ರೆ ಗೆಣಸಿನ ನೆನಪಾಗ್ಲೇಬೇಕು. ಜೋಯಿಡಾದ ಕುಣಬಿ ರೈತರಂತೂ ಗೆಡ್ಡೆ-ಗೆಣಸಿಗೆಂದೇ ಮೇಳ ಮಾಡ್ತಾರೆ! ಬರೀ ಬೇಯಿಸಿ ತಿಂದು ಬೇಜಾರಾಗಿದ್ರೆ, ಇವತ್ತು ಪಾಕ ಹಿಡಿಸೋಣ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗೆಣಸನ್ನ ಬೆಣ್ಣೆ, ಕಂದು ಸಕ್ಕರೆ, ದಾಲ್ಚಿನ್ನಿ ಹಾಕಿ ಹಬ್ಬದೂಟಕ್ಕೆ ಬಡಿಸ್ತಾರೆ. ನಮ್ಮ ಹಳಿಯಾಳವೋ ಕಬ್ಬಿನ ಸೀಮೆ, ಹಾಗಾಗಿ ನಮಗೆ ಬೆಲ್ಲ, ತುಪ್ಪ, ಏಲಕ್ಕಿ ಸಾಕು.

ಅರ್ಧ ಕಿಲೋ ಗೆಣಸು ತಿಕ್ಕಿ ತೊಳೆದು, ಸಿಪ್ಪೆ ಸಮೇತ ಬೇಯಿಸಿ. ಪೂರ್ತಿ ಬೇಡ, ಚಾಕು ಚುಚ್ಚಿದ್ರೆ ನಡುವೆ ಸ್ವಲ್ಪ ತಡೀಬೇಕು. ಸುಲಿದು, ಬೆರಳು ದಪ್ಪದ ಬಿಲ್ಲೆ ಮಾಡಿ.

100 ಗ್ರಾಂ ಬೆಲ್ಲಕ್ಕೆ ಕಾಲು ಲೋಟ ನೀರು. ಕರಗಿದ ಮೇಲೆ ಸೋಸಲೇಬೇಕು, ಇಲ್ಲಾಂದ್ರೆ ಹಲ್ಲಿಗೆ ಮರಳು! ಮತ್ತೆ ಒಲೆಗಿಟ್ಟು 2 ಚಮಚ ತುಪ್ಪ, ಚಿಟಿಕೆ ಉಪ್ಪು. ಬಿಲ್ಲೆ ಜೋಡಿಸಿ, ಸಣ್ಣ ಉರಿ. ಸೌಟು ಆಡಿಸಿದ್ರೋ, ಹಲ್ವಾ ಆಯ್ತು ಅಂತ ತಿಳ್ಕೊಳ್ಳಿ. ಬಾಣಲೆಯನ್ನೇ ಹಿಡಿದು ಅಲ್ಲಾಡಿಸಿ, ಒಂದೇ ಸಲ ಮಗುಚಿ. ಹತ್ತು ನಿಮಿಷದಲ್ಲಿ ನೊರೆ ಇಳಿದು, ಗುಳ್ಳೆ ದಪ್ಪಗಾಗಿ, ಪಾಕ ಗೆಣಸಿಗೆ ಅಂಟಿ ಮಿರಮಿರ ಮಿಂಚುತ್ತೆ.

ಏಲಕ್ಕಿ ಪುಡಿ ಉದುರಿಸಿ ಇಳಿಸಿ. ಬಿಸಿ ದೋಸೆ ಪಕ್ಕಕ್ಕೂ ಸೈ. ಪಾಕ ಬಾಯಿ ಸುಡುತ್ತೆ, ಮಕ್ಕಳ ಕೈಗೆ ಆರಿಸಿ ಕೊಡಿ!